ಉಳಿದ ಮೂರು ಆಯ್ಕೆಗಳ ಕಥೆ

ಸಂಜೆಯ ವಿಶೇಷ ತರಗತಿ. ಬೋರ್ಡಿನ ಮೇಲೆ ಒಂದು ಪ್ರಶ್ನೆ ಬರೆದಿದ್ದೆ. 'ಐಹೊಳೆ ಶಾಸನವನ್ನು ರಚಿಸಿದವರು ಯಾರು?' ಕೆಳಗೆ ನಾಲ್ಕು ಹೆಸರು: ಹರಿಷೇಣ, ಕುಬ್ಜ, ರವಿಕೀರ್ತಿ, ಬಾಣ. ಬರೆದು ಮುಗಿಸುವ ಮೊದಲೇ ಮಕ್ಕಳು ಕೂಗಿದರು, "ರವಿಕೀರ್ತಿ, ಮಿಸ್!" ಸರಿ ಉತ್ತರ. ಬೋರ್ಡ್ ಒರೆಸಲು ಹೋದವಳು ಸುಮ್ನೆ ಕೇಳಿದೆ, "ಹಾಗಾದ್ರೆ ಈ ಕುಬ್ಜ ಯಾರು?" ತರಗತಿ ತಣ್ಣಗಾಯಿತು. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಮೆಲ್ಲಗೆ ಹೇಳಿದ, "ಅದು ತಪ್ಪು ಉತ್ತರ, ಮಿಸ್."

ಮೊದಲು ನಗು ಬಂತು. ಆಮೇಲೆ ನನ್ನ ಮೇಲೇ ಬೇಜಾರಾಯಿತು. ಹಾಗೆ ಕಲಿಸಿದ್ದು ನಾನೇ ಅಲ್ವಾ? ಗೈಡಿನಲ್ಲಿ ಟಿಕ್ ಹಾಕಿದ ಒಂದು ಹೆಸರನ್ನು ಬಾಯಿಪಾಠ ಮಾಡಿಸುತ್ತಿದ್ದೆ. ಉಳಿದ ಮೂರನ್ನು ಮಕ್ಕಳೂ ಓದುತ್ತಿರಲಿಲ್ಲ, ನಾನೂ ಓದಿಸುತ್ತಿರಲಿಲ್ಲ.

ಎಂಟನೇ ತರಗತಿಯ ಮಕ್ಕಳು ಬರೆಯುವ ಎನ್‌ಎಂಎಂಎಸ್ ಪರೀಕ್ಷೆಗೆ ಸಮಾಜ ವಿಜ್ಞಾನ ಹೇಳಿಕೊಡುವುದು ನನ್ನ ಕೆಲಸ. ಗೊತ್ತಿಲ್ಲದವರಿಗೆ ಎರಡು ಮಾತು. ಕೇಂದ್ರ ಸರ್ಕಾರ 2008ರಲ್ಲಿ ಶುರು ಮಾಡಿದ ವಿದ್ಯಾರ್ಥಿವೇತನ ಇದು, ಪೂರ್ತಿ ಹೆಸರು ನ್ಯಾಷನಲ್ ಮೀನ್ಸ್ ಕಮ್ ಮೆರಿಟ್ ಸ್ಕಾಲರ್‌ಶಿಪ್. ಸರ್ಕಾರಿ, ಅನುದಾನಿತ ಮತ್ತು ಸ್ಥಳೀಯ ಸಂಸ್ಥೆಗಳ ಶಾಲೆಯ ಮಕ್ಕಳಿಗೆ ಮಾತ್ರ. ಮನೆಯ ವರಮಾನ ವರ್ಷಕ್ಕೆ ಮೂರೂವರೆ ಲಕ್ಷ ರೂಪಾಯಿ ದಾಟಿರಬಾರದು. ಆಯ್ಕೆಯಾದರೆ ಒಂಬತ್ತನೇ ತರಗತಿಯಿಂದ ದ್ವಿತೀಯ ಪಿಯುಸಿ ತನಕ ವರ್ಷಕ್ಕೆ 12,000 ರೂಪಾಯಿ. ಅಂದರೆ ನಾಲ್ಕು ವರ್ಷಕ್ಕೆ 48,000. ಕೂಲಿ ಮಾಡುವ ಮನೆಗೆ ಇದು ಸಣ್ಣ ದುಡ್ಡಲ್ಲ.

ಪರೀಕ್ಷೆಗೆ ಎರಡು ಪತ್ರಿಕೆ. ಒಂದು ಮಾನಸಿಕ ಸಾಮರ್ಥ್ಯದ್ದು, ಇನ್ನೊಂದು ಪಠ್ಯದ್ದು. ಒಂದೊಂದಕ್ಕೂ 90 ಪ್ರಶ್ನೆ, 90 ನಿಮಿಷ. ಪಠ್ಯದ ಪತ್ರಿಕೆಯಲ್ಲಿ ವಿಜ್ಞಾನಕ್ಕೆ 35, ಗಣಿತಕ್ಕೆ 20, ಸಮಾಜಕ್ಕೆ 35. 'ಸಮಾಜ ತಾನೇ, ಕೊನೆಗೆ ಓದಿಕೊಂಡ್ರೆ ಬರುತ್ತೆ' ಅಂತ ಎಲ್ಲರೂ ಇದನ್ನು ಹಿಂದಕ್ಕೆ ತಳ್ಳುತ್ತಾರೆ. ಗಣಿತದಲ್ಲಿ ಹಿಂದಿರುವ ಮಗು ಮೇಲೆ ಬರುವುದು ಈ 35ರಿಂದಲೇ. ಎರಡೂ ಪತ್ರಿಕೆ ಸೇರಿ ಶೇಕಡಾ 40 ತೆಗೆದರೆ ಪಾಸು, ಪರಿಶಿಷ್ಟ ಜಾತಿ ಮತ್ತು ಪಂಗಡದ ಮಕ್ಕಳಿಗೆ ಶೇಕಡಾ 32. ಆದರೆ ಪಾಸಾದರೆ ಸಾಲದು. ಕೋಟಾ ಇಷ್ಟೇ ಅಂತ ಇರುವುದರಿಂದ ಪಟ್ಟಿಯಲ್ಲಿ ಮೇಲಿರಬೇಕು. ಒಂದೊಂದು ಅಂಕಕ್ಕೂ ಅಲ್ಲಿ ಜಗಳ.

ಮತ್ತೆ ಕುಬ್ಜನಿಗೆ ಬರೋಣ. ಮರುದಿನ ಅದೇ ಪ್ರಶ್ನೆಯನ್ನು ಮತ್ತೆ ಬರೆದೆ. ಈ ಸಲ ಕೇಳಿದ್ದು ಬೇರೆ. ಹರಿಷೇಣ ಸರಿ ಉತ್ತರ ಆಗಬೇಕಾದರೆ ಪ್ರಶ್ನೆ ಹೇಗಿರಬೇಕು? ಕುಬ್ಜ ಸರಿಯಾಗಬೇಕಾದರೆ? ಪುಸ್ತಕ ತೆಗೆದು ಹುಡುಕಬಹುದು ಅಂದೆ. ಅರ್ಧ ಗಂಟೆ ಹಿಡಿಯಿತು. ಕುಬ್ಜ ಸಿಕ್ಕಿದ್ದು ಶಿವಮೊಗ್ಗ ಜಿಲ್ಲೆಯ ತಾಳಗುಂದದಲ್ಲಿ. ಕದಂಬರ ಶಾಸನ ಬರೆದ ಕವಿ. ಓದಲು ಕಂಚಿಗೆ ಹೋದ ಮಯೂರ ಅಲ್ಲಿ ಅವಮಾನ ಅನುಭವಿಸಿ, ಪುಸ್ತಕ ಬಿಟ್ಟು ಕತ್ತಿ ಹಿಡಿದ ಕಥೆ ನಮಗೆ ಗೊತ್ತಾಗಿದ್ದು ಅವನಿಂದ. ಹರಿಷೇಣ ಸಿಕ್ಕಿದ್ದು ಅಲಹಾಬಾದಿನ ಕಂಬದ ಮೇಲೆ, ಸಮುದ್ರಗುಪ್ತನನ್ನು ಹೊಗಳುತ್ತಾ. ಆ ಕಂಬದಲ್ಲಿ ಅಶೋಕನ ಬರಹವೂ ಇದೆ. 'ಅಲಹಾಬಾದ್ ಶಾಸನ' ಅಂದ ಕೂಡಲೇ ಅಶೋಕ ಅಂತ ಗುರುತು ಹಾಕುವ ಮಕ್ಕಳು ಎಡವುವುದು ಇಲ್ಲೇ.

ಬಾಣನ ಸರದಿ ಬಂದಾಗ ಮಜಾ ಬಂತು. ಬಾಣ ಹರ್ಷವರ್ಧನನ ಆಸ್ಥಾನದವನು, 'ಹರ್ಷಚರಿತೆ' ಬರೆದವನು. ಹರ್ಷನನ್ನು ನರ್ಮದೆಯ ಬಳಿ ತಡೆದವನು ಬಾದಾಮಿಯ ಇಮ್ಮಡಿ ಪುಲಿಕೇಶಿ. ಅದನ್ನು ಕಲ್ಲಿನ ಮೇಲೆ ಬರೆದವನು ಯಾರು? ಇದೇ ರವಿಕೀರ್ತಿ! 634ರಲ್ಲಿ, ಐಹೊಳೆಯ ಮೇಗುತಿ ಬಸದಿಯಲ್ಲಿ. ಅಂದರೆ ಒಂದೇ ಪ್ರಶ್ನೆಯ ಎರಡು ಆಯ್ಕೆಗಳು ನರ್ಮದೆಯ ಆ ದಡ ಈ ದಡದಲ್ಲಿ ನಿಂತಿವೆ. ಒಬ್ಬ ಗೆದ್ದವನ ಕವಿ, ಇನ್ನೊಬ್ಬ ಸೋತವನ ಕವಿ. ರವಿಕೀರ್ತಿ ಸುಮ್ಮನೆ ಸೋಲು ಅಂತ ಬರೆಯಲಿಲ್ಲ, ಭಯದಿಂದ ಹರ್ಷನ ಹರ್ಷವೇ ಹಾರಿಹೋಯಿತು ಅನ್ನುವ ಅರ್ಥದಲ್ಲಿ ಹೆಸರಿನ ಜೊತೆ ಆಟವಾಡಿದ್ದಾನೆ. ಇದನ್ನು ಹೇಳಿದ ಮೇಲೆ ಆ ತರಗತಿಯಲ್ಲಿ ಯಾರಿಗೂ ಆ ಯುದ್ಧ ಮರೆಯಲಿಲ್ಲ. ಹರ್ಷ ಅನ್ನುವ ಹೆಸರಿನ ಹುಡುಗನೊಬ್ಬ ಇದ್ದಿದ್ದರೆ ಪಾಪ ಅವನ ಗತಿ ಏನಾಗುತ್ತಿತ್ತೋ!

"ಹರ್ಷ, ಪುಲಿಕೇಶಿ ಇಬ್ಬರ ರಾಜ್ಯವನ್ನೂ ಕಣ್ಣಾರೆ ನೋಡಿದ ಹೊರಗಿನವನು ಯಾರಾದ್ರೂ ಇದ್ದಾನಾ?" ಅಂತ ಕೇಳಿದೆ. ಚೀನಾದ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಇದ್ದಾನೆ. ಹೀಗೆ ಒಂದು ಪ್ರಶ್ನೆಯಿಂದ ಐದಾರು ಪ್ರಶ್ನೆ ಹುಟ್ಟಿದವು. ಯಾವುದನ್ನೂ ಬಾಯಿಪಾಠ ಮಾಡಬೇಕಾಗಲಿಲ್ಲ.

ಅಂದಿನಿಂದ ನನ್ನ ತರಗತಿಯಲ್ಲಿ ದಿನಕ್ಕೆ ಐದೇ ಪ್ರಶ್ನೆ. ಪೋಷಕರೊಬ್ಬರು ಬಂದು ಕೇಳಿದ್ದರು, "ಏನ್ ಮಿಸ್, ಟ್ಯೂಷನ್ನಿನಲ್ಲಿ ದಿನಕ್ಕೆ ನೂರು ಪ್ರಶ್ನೆ ಮಾಡಿಸ್ತಾರಂತೆ, ನೀವು ಐದಕ್ಕೇ ನಿಲ್ಲಿಸ್ತೀರಲ್ಲ?" ಅವರ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಐದು ಪ್ರಶ್ನೆಗೆ ಇಪ್ಪತ್ತು ಆಯ್ಕೆ. ಇಪ್ಪತ್ತಕ್ಕೂ ವಿಳಾಸ ಹುಡುಕಬೇಕು. ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಮತ್ತೆ ಬರುವುದು ಅಪರೂಪ. ಇವತ್ತು ಬದಿಗಿಟ್ಟ ಹೆಸರೇ ನಾಳೆ ಉತ್ತರವಾಗಿ ಬರುವುದು ಜಾಸ್ತಿ.

ಸಂಖ್ಯೆಗಳಿಗೂ ಇದೇ ದಾರಿ. 'ಕರ್ನಾಟಕ ವಿಧಾನ ಪರಿಷತ್ತಿನ ಸದಸ್ಯರ ಸಂಖ್ಯೆ ಎಷ್ಟು?' ಆಯ್ಕೆಗಳು 224, 75, 28, 12. ಎಲ್ಲವೂ ಕರ್ನಾಟಕದವೇ. 224 ವಿಧಾನಸಭೆ, 75 ವಿಧಾನ ಪರಿಷತ್ತು, 28 ಲೋಕಸಭೆಗೆ ಹೋಗುವವರು, 12 ರಾಜ್ಯಸಭೆಗೆ. ನಾಲ್ಕನ್ನೂ ಬೇರೆ ಬೇರೆ ನೆನಪಿಡುವ ಮಗು ಪರೀಕ್ಷೆಯ ಗಾಬರಿಯಲ್ಲಿ ಅದಲುಬದಲು ಮಾಡುತ್ತದೆ. ನಾನು ಹೇಳುವುದು, 28ನ್ನು 8ರಿಂದ ಗುಣಿಸು. 224! ನಮ್ಮ ರಾಜ್ಯದ ಒಂದೊಂದು ಲೋಕಸಭಾ ಕ್ಷೇತ್ರದಲ್ಲಿ ಎಂಟೆಂಟು ವಿಧಾನಸಭಾ ಕ್ಷೇತ್ರಗಳಿವೆ. 75 ಎಲ್ಲಿಂದ ಬಂತು? ಪರಿಷತ್ತಿನ ಬಲ ವಿಧಾನಸಭೆಯ ಮೂರನೇ ಒಂದು ಭಾಗವನ್ನು ಮೀರುವಂತಿಲ್ಲ ಅಂತ ಸಂವಿಧಾನ ಹೇಳುತ್ತದೆ. ಮೊದಲು ವಿಧಾನಸಭೆಯಲ್ಲಿ ನಾಮನಿರ್ದೇಶನಗೊಂಡ ಒಬ್ಬ ಆಂಗ್ಲೋ ಇಂಡಿಯನ್ ಸದಸ್ಯರು ಸೇರಿ 225 ಇತ್ತು. ಅದರ ಮೂರನೇ ಒಂದು ಭಾಗ ಮಾಡಿ ನೋಡಿ.

ಒಂದೇ ಹೆಸರಿನ ರಾಜರು ಮಕ್ಕಳಿಗೆ ದೊಡ್ಡ ತಲೆನೋವು. ವಿಕ್ರಮಾದಿತ್ಯ ಅಂದರೆ ಯಾವ ವಿಕ್ರಮಾದಿತ್ಯ? ಗುಪ್ತರ ಇಮ್ಮಡಿ ಚಂದ್ರಗುಪ್ತನಿಗೂ ಆ ಬಿರುದಿತ್ತು. ಬಾದಾಮಿ ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದವನು, ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯ ಅವನ ರಾಣಿ ಕಟ್ಟಿಸಿದ್ದು. ಕಲ್ಯಾಣದ ಆರನೇ ವಿಕ್ರಮಾದಿತ್ಯ 1076ರಲ್ಲಿ ತನ್ನ ಹೆಸರಿನ ಶಕೆಯನ್ನೇ ಶುರು ಮಾಡಿದವನು. ಚಂದ್ರಗುಪ್ತರ ಕಥೆಯೂ ಅಷ್ಟೇ. ಶ್ರವಣಬೆಳಗೊಳಕ್ಕೆ ಬಂದನೆಂದು ಹೇಳುವುದು ಮೌರ್ಯ ಚಂದ್ರಗುಪ್ತನನ್ನು, ಗುಪ್ತರವನನ್ನಲ್ಲ. ಇಂಥ ಹೆಸರುಗಳಿಗೆ ಮಕ್ಕಳ ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ಜಾಗ ಇಟ್ಟಿದ್ದೇವೆ. ಒಂದು ಹೆಸರು, ಕೆಳಗೆ ಊರು, ಕಾಲ, ಒಂದು ಗುರುತು. ಮಕ್ಕಳೇ ಅದಕ್ಕೆ 'ಡಬಲ್ ರೋಲ್ ಪುಟ' ಅಂತ ಹೆಸರಿಟ್ಟಿದ್ದಾರೆ.

ಭೂಗೋಳದಲ್ಲಿ ತಪ್ಪು ಆಯ್ಕೆಗಳ ಸ್ವಭಾವವೇ ಬೇರೆ. ಅಲ್ಲಿ ಲೆಕ್ಕ ತಪ್ಪಿದರೆ ಎಲ್ಲಿಗೆ ಹೋಗಿ ಬೀಳುತ್ತೇವೋ ಅಲ್ಲೇ ಒಂದು ಆಯ್ಕೆ ಕಾದು ಕುಳಿತಿರುತ್ತದೆ. 0 ಡಿಗ್ರಿ ರೇಖಾಂಶದ ಗ್ರೀನಿಚ್‌ನಲ್ಲಿ ಮಧ್ಯಾಹ್ನ 12 ಗಂಟೆಯಾದಾಗ 45 ಡಿಗ್ರಿ ಪಶ್ಚಿಮ ರೇಖಾಂಶದಲ್ಲಿ ಎಷ್ಟು ಗಂಟೆ? ಒಂದು ಡಿಗ್ರಿಗೆ 4 ನಿಮಿಷ. 45 ಡಿಗ್ರಿಗೆ 180 ನಿಮಿಷ, ಅಂದರೆ 3 ಗಂಟೆ. ಪಶ್ಚಿಮಕ್ಕೆ ಹೋದರೆ ಕಳೆಯಬೇಕು, ಬೆಳಿಗ್ಗೆ 9. ಆಯ್ಕೆಗಳಲ್ಲಿ ಮಧ್ಯಾಹ್ನ 3 ಖಂಡಿತ ಇರುತ್ತದೆ, ಪೂರ್ವ ಪಶ್ಚಿಮ ಮರೆತವರಿಗಾಗಿ. ನನ್ನ ಮಕ್ಕಳು ಉತ್ತರ ಬರೆದ ಮೇಲೆ ಉಳಿದ ಮೂರರ ಮುಂದೆ 'ಏನು ಮರೆತರೆ ಇದು ಬರುತ್ತೆ' ಅಂತ ಬರೆಯಬೇಕು. ಮೊದಮೊದಲು ಗೊಣಗುತ್ತಾರೆ. ಎರಡು ವಾರ ಕಳೆದ ಮೇಲೆ ಪತ್ತೇದಾರಿಕೆ ಥರ ಆಗುತ್ತದೆ. ಭಾರತದ ಕಾಲಮಾನ ಗ್ರೀನಿಚ್‌ಗಿಂತ ಏಕೆ ಐದೂವರೆ ಗಂಟೆ ಮುಂದೆ ಅನ್ನುವುದೂ ಇದೇ ಲೆಕ್ಕ. ನಮ್ಮದು 82½ ಡಿಗ್ರಿ ಪೂರ್ವ, ನಾಲ್ಕರಿಂದ ಗುಣಿಸಿದರೆ 330 ನಿಮಿಷ.

ಶಿಲೆಗಳ ಪಾಠಕ್ಕೆ ಯಾವ ಶಿಲೆ ಯಾವುದಾಗಿ ಬದಲಾಗುತ್ತದೆ ಅನ್ನುವ ಜೋಡಿಗಳು ಗೊತ್ತಿದ್ದರೆ ಸಾಕು. ಸುಣ್ಣಕಲ್ಲು ಅಮೃತಶಿಲೆಯಾಗುತ್ತದೆ, ಗ್ರಾನೈಟ್ ನೀಸ್ ಆಗುತ್ತದೆ, ಮರಳುಗಲ್ಲು ಕ್ವಾರ್ಟ್ಜೈಟ್ ಆಗುತ್ತದೆ. ಸಮಾಜಶಾಸ್ತ್ರದಲ್ಲಿ ಕಾಮ್ಟೆ, ಮಾರ್ಕ್ಸ್, ವೇಬರ್, ಡರ್ಖೈಮ್ ನಾಲ್ವರು ಚಿಂತಕರನ್ನೂ ಒಟ್ಟಿಗೆ ಕೂರಿಸಿ ಕಲಿಸಿ, ಒಬ್ಬೊಬ್ಬರನ್ನೇ ಕಲಿಸಿದರೆ ಬೆರೆತುಹೋಗುತ್ತಾರೆ. ಅರ್ಥಶಾಸ್ತ್ರ ಮತ್ತು ವ್ಯವಹಾರ ಅಧ್ಯಯನದಲ್ಲಿ ಪಠ್ಯಪುಸ್ತಕವನ್ನು ಎರಡು ಸಲ ನಿಧಾನವಾಗಿ ಓದಿದವರಿಗೆ ಜಾಸ್ತಿ ಕಷ್ಟವಿಲ್ಲ. ಏಳನೇ ತರಗತಿಯ ಪುಸ್ತಕವನ್ನು ಮಾತ್ರ ದಯವಿಟ್ಟು ರದ್ದಿಗೆ ಹಾಕಬೇಡಿ. ಪ್ರಶ್ನೆಗಳು ಏಳು ಎಂಟು ಎರಡರಿಂದಲೂ ಬರುತ್ತವೆ. ಪ್ರತಿ ವರ್ಷ ಆ ಪುಸ್ತಕ ಹುಡುಕಿಕೊಂಡು ಪಕ್ಕದ ಮನೆಗೆ ಓಡುವ ಮಕ್ಕಳನ್ನು ನೋಡುತ್ತೇನೆ.

'ಸರಿಯಲ್ಲದ ಹೇಳಿಕೆಯನ್ನು ಗುರುತಿಸಿ' ಅನ್ನುವ ಪ್ರಶ್ನೆಗಳಲ್ಲಿ ಜಾಣ ಮಕ್ಕಳೇ ಹೆಚ್ಚು ಬೀಳುತ್ತಾರೆ. ವಾಯುಮಂಡಲದ ಪದರಗಳಲ್ಲಿ ಒಂದಾದ ಸಮೋಷ್ಣ ಮಂಡಲದ ಬಗ್ಗೆ ನಾಲ್ಕು ಹೇಳಿಕೆ ಇರುತ್ತದೆ ಅಂದುಕೊಳ್ಳಿ. ಮೊದಲನೆಯದೇ 'ಇಲ್ಲಿ ಓಝೋನ್ ಪದರವಿದೆ'. ಗೊತ್ತಿರುವ ಮಾತು ಕಂಡ ಖುಷಿಗೆ ಮಗು ಅದನ್ನೇ ತುಂಬಿ ಮುಂದೆ ಹೋಗುತ್ತದೆ. ಮಳೆ, ಮೋಡ, ಗಾಳಿಯ ಬದಲಾವಣೆಗಳು ಇಲ್ಲೇ ಆಗುತ್ತವೆ ಅಂತ ಮೂರನೆಯದರಲ್ಲಿ ಇರುವುದನ್ನು ಓದುವುದೇ ಇಲ್ಲ. ಅದು ಕೆಳಗಿನ ಪರಿವರ್ತನ ಮಂಡಲದ ಮಾತು. 'ಅಲ್ಲ', 'ಇಲ್ಲ', 'ಹೊರತುಪಡಿಸಿ' ಈ ಮೂರು ಪದ ಕಂಡಲ್ಲಿ ಪೆನ್ನಿನಿಂದ ಸುತ್ತು ಹಾಕುವ ಅಭ್ಯಾಸ ಮಾಡಿಸಿ.

ನವೆಂಬರ್ ಹೊತ್ತಿಗೆ ಪ್ರಶ್ನೆ ಮಾಡುವ ಕೆಲಸವನ್ನು ಮಕ್ಕಳಿಗೇ ಬಿಟ್ಟುಬಿಡುತ್ತೇನೆ. ಒಂದೇ ಷರತ್ತು: ವಿಳಾಸವಿಲ್ಲದ ಆಯ್ಕೆ ಹಾಕುವಂತಿಲ್ಲ. ಒಬ್ಬ ಹುಡುಗಿ ಒಂದು ಸಲ ಕೇಳಿದಳು, 'ನಮ್ಮ ಸಂವಿಧಾನ ಅಂಗೀಕಾರವಾದ ದಿನ ಯಾವುದು?' ಆಯ್ಕೆಗಳು 9 ಡಿಸೆಂಬರ್ 1946, 26 ನವೆಂಬರ್ 1949, 26 ಜನವರಿ 1950, 26 ಜನವರಿ 1930. ಕೊನೆಯದನ್ನು ನೋಡಿ ಎಲ್ಲರೂ ಗಲಾಟೆ ಮಾಡಿದರು, ಇಸವಿ ತಪ್ಪಿದೆ ಅಂತ. ಅವಳು ಎದ್ದು ನಿಂತು ಹೇಳಿದಳು. 1929ರ ಲಾಹೋರ್ ಅಧಿವೇಶನದಲ್ಲಿ ಕಾಂಗ್ರೆಸ್ ಪೂರ್ಣ ಸ್ವರಾಜ್ಯ ಬೇಕು ಅಂತ ತೀರ್ಮಾನಿಸಿತು, 1930ರ ಜನವರಿ 26ರಂದು ದೇಶ ಸ್ವಾತಂತ್ರ್ಯ ದಿನ ಆಚರಿಸಿತು, ಅದಕ್ಕೇ ಸಂವಿಧಾನ ಜಾರಿಗೆ ತರಲು ಮತ್ತೆ ಅದೇ ತಾರೀಖು ಹಿಡಿದರು. ಮೊದಲನೆಯದು ಸಂವಿಧಾನ ಸಭೆ ಮೊದಲ ಸಲ ಸೇರಿದ ದಿನ. ನಾನು ಅಷ್ಟು ವರ್ಷ ಕಲಿಸಿದ್ದರೂ ಈ ನಾಲ್ಕನ್ನು ಒಂದೇ ಸಾಲಿನಲ್ಲಿ ಇಟ್ಟಿರಲಿಲ್ಲ.

ಉತ್ತರದ ವೃತ್ತ ತುಂಬುವ ಓಎಂಆರ್ ಹಾಳೆಯದು ಬೇರೆಯದೇ ವಿದ್ಯೆ. ಈ ಪರೀಕ್ಷೆಯಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬಾರದು. ಎರಡು ಆಯ್ಕೆಗಳ ವಿಳಾಸ ಗೊತ್ತಿದ್ದರೆ ಅವೆರಡನ್ನೂ ತೆಗೆದುಹಾಕಿ, ಉಳಿದ ಎರಡರಲ್ಲಿ ಒಂದನ್ನು ತುಂಬಿದರೂ ಅರ್ಧ ಅವಕಾಶ ಇದ್ದೇ ಇದೆ. ನನಗೆ ಇನ್ನೂ ಹೊಟ್ಟೆ ಉರಿಯುವ ಪ್ರಸಂಗವೊಂದಿದೆ. ಚೆನ್ನಾಗಿ ಓದುವ ಹುಡುಗನೊಬ್ಬ ಮಧ್ಯದಲ್ಲಿ ಒಂದು ಪ್ರಶ್ನೆ ಬಿಟ್ಟ, ಹಾಳೆಯಲ್ಲಿ ಮಾತ್ರ ಸಾಲು ಬಿಡಲು ಮರೆತ. ಅಲ್ಲಿಂದ ಕೆಳಗೆ ಎಲ್ಲವೂ ಒಂದೊಂದು ಮನೆ ಜಾರಿದವು. ಗೊತ್ತಾದಾಗ ಐದು ನಿಮಿಷ ಉಳಿದಿತ್ತು. ಈಗ ಪ್ರತಿ ಹತ್ತು ಪ್ರಶ್ನೆಗೆ ಬೆರಳಿಟ್ಟು ನಂಬರ್ ನೋಡುವುದನ್ನು ಅಭ್ಯಾಸ ಪರೀಕ್ಷೆಯಲ್ಲೇ ಮಾಡಿಸುತ್ತೇನೆ. ಸಮಾಜದ 35ಕ್ಕೆ 25 ನಿಮಿಷ, ಅದಕ್ಕಿಂತ ಜಾಸ್ತಿ ಬೇಡ. ಉಳಿಸಿದ ಹತ್ತು ನಿಮಿಷ ಗಣಿತಕ್ಕೆ ಬೇಕಾಗುತ್ತದೆ.

ಇನ್ನೊಂದು ವಿಷಯ, ಪಾಠಕ್ಕೆ ಸಂಬಂಧವಿಲ್ಲದ್ದು. ಆಯ್ಕೆಯಾದ ಮಗುವಿಗೆ ದುಡ್ಡು ತಾನಾಗಿ ಬರುತ್ತಾ ಇರುವುದಿಲ್ಲ. ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು, ಪ್ರತಿ ವರ್ಷ ನವೀಕರಿಸಬೇಕು. ಎಂಟಕ್ಕೆ ಮುಗಿಯುವ ನಮ್ಮ ಶಾಲೆಯಿಂದ ಮಕ್ಕಳು ಬೇರೆ ಊರಿನ ಹೈಸ್ಕೂಲಿಗೆ ಹೋಗುತ್ತಾರೆ. ಅಲ್ಲಿ ಈ ಮಗು ಆಯ್ಕೆಯಾಗಿದೆ ಅನ್ನುವುದೇ ಯಾರಿಗೂ ಗೊತ್ತಿರುವುದಿಲ್ಲ. ಮುಂದೆ ಖಾಸಗಿ ಶಾಲೆಗೆ ಸೇರಿಸಿದರೂ ಹಣ ನಿಲ್ಲುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಶೇಕಡಾ 60 ಬಂದರೆ ಮಾತ್ರ ಪಿಯುಸಿಗೆ ಮುಂದುವರಿಯುತ್ತದೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇಕಡಾ 55. ಆಧಾರ್ ಕಾರ್ಡಿನಲ್ಲಿ ಒಂದು ಹೆಸರು, ಪಾಸ್‌ಬುಕ್ಕಿನಲ್ಲಿ ಇನ್ನೊಂದು ಇದ್ದರೆ ಮೊದಲೇ ಸರಿಮಾಡಿಸಿ. ವರ್ಗಾವಣೆ ಪತ್ರ ಕೊಡುವಾಗ ನಾನು ಇದಿಷ್ಟನ್ನೂ ಒಂದು ಚೀಟಿಯಲ್ಲಿ ಬರೆದು, ಹೊಸ ಶಾಲೆಯ ಮುಖ್ಯ ಶಿಕ್ಷಕರಿಗೆ ತೋರಿಸು ಅಂತ ಮಗುವಿನ ಕೈಗೇ ಕೊಡುತ್ತೇನೆ.