ಮಲೆನಾಡಿನ ಮಳೆಗಾಲದಲ್ಲಿ ಹಾಪ್ಸ್ ಕಾಪಾಡುವುದು

ಕಳೆದ ಜುಲೈನಲ್ಲಿ ಮೂಡಿಗೆರೆಯ ಮನೆಯಲ್ಲಿ ಫ್ರಿಜ್ಜಿನಿಂದ ಹಾಪ್ಸ್, ಅಂದರೆ ಬಿಯರ್‌ಗೆ ಕಹಿ ಮತ್ತು ಘಮ ಕೊಡುವ ಒಣ ಹೂವಿನ ಪ್ಯಾಕೆಟ್ ತೆಗೆದವನೇ ಕತ್ತರಿ ಹಾಕಿದೆ. ಹತ್ತು ಗ್ರಾಂ ತೂಗಿಕೊಂಡೆ. ಉಳಿದದ್ದನ್ನು ಮಡಚಿ, ರಬ್ಬರ್ ಬ್ಯಾಂಡ್ ಹಾಕಿ ವಾಪಸ್ ಇಟ್ಟೆ. ತಿಂಗಳು ಬಿಟ್ಟು ಬಿಚ್ಚಿದರೆ, ಹೂವನ್ನು ಪುಡಿ ಮಾಡಿ ಒತ್ತಿದ ಹಸಿರು ಗುಳಿಗೆಗಳೆಲ್ಲ ಕಂದು. ಬೆರಳಲ್ಲಿ ಒತ್ತಿದರೆ ಮೆತ್ತಗೆ. ವಾಸನೆಯಂತೂ ಮಳೆಯಲ್ಲಿ ನೆಂದ ಸಾಕ್ಸನ್ನು ಶೂ ಒಳಗೇ ಬಿಟ್ಟ ಹಾಗೆ. ಎಲ್ಲಿ ತಪ್ಪಿದೆ ಎಂದು ಹುಡುಕಿ ಓದಿದ್ದೇ ಈ ಟಿಪ್ಪಣಿ.

ಮೊದಲು ಒಂದು ಮಾತು. ಪರವಾನಗಿ ಇಲ್ಲದೆ ಮನೆಯಲ್ಲಿ ಬಿಯರ್ ಮಾಡುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ತಪ್ಪು. ಹಾಗಾಗಿ ನಾನು ಮಾಡುವುದು ಹಾಪ್ ವಾಟರ್: ಬಿಸಿನೀರಿನಲ್ಲಿ ಹಾಪ್ಸ್ ನೆನೆಸಿ, ಸೋಸಿ, ನಿಂಬೆ ಹಿಂಡಿ, ತಣ್ಣಗೆ ಮಾಡಿ ಸೋಡಾ ಗ್ಯಾಸ್ ತುಂಬಿಸುವುದು. ಅದರಲ್ಲಿ ಆಲ್ಕೋಹಾಲ್ ಇಲ್ಲ. ಹಾಪ್ಸ್ ಕೆಡುವ ರೀತಿ ಮಾತ್ರ ಎರಡಕ್ಕೂ ಒಂದೇ.

ಹಾಪ್ಸ್ ಒಂದು ಬಳ್ಳಿ. ಹೆಣ್ಣು ಬಳ್ಳಿಯ ಕಾಯಿಯಂಥ ಹೂವನ್ನೇ ಬಳಸುವುದು. ನಮ್ಮ ದೇಶದಲ್ಲಿ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಬೆಳೆಯುತ್ತಾರೆ. ಬೇಸಿಗೆಯ ಉದ್ದ ಹಗಲು ಬೇಕಾದ ಗಿಡ ಇದು, ಅದಕ್ಕೇ ನಮ್ಮ ಕಾಫಿ ತೋಟದ ಬೇಲಿಗೆ ಹಬ್ಬಿಸುವ ಆಸೆ ಬಿಟ್ಟೆ. ಹೂವನ್ನು ಅರ್ಧಕ್ಕೆ ಸೀಳಿದರೆ ಎಸಳುಗಳ ಬುಡದಲ್ಲಿ ಅರಿಶಿನದ ಹಾಗೆ ಹಳದಿ ಪುಡಿ ಕಾಣುತ್ತದೆ. ಅದೇ ಲುಪುಲಿನ್. ಕಹಿ ಕೊಡುವ ಆಲ್ಫಾ ಆಮ್ಲ, ಘಮ ಕೊಡುವ ಎಣ್ಣೆ ಎರಡೂ ಅದರೊಳಗಿವೆ. ಆ ಎಣ್ಣೆಯಲ್ಲಿರುವ ಕ್ಯಾರಿಯೋಫಿಲಿನ್ ನಮ್ಮ ಕಾಳುಮೆಣಸಿನಲ್ಲೂ ಇದೆ. ಒಳ್ಳೆ ಹಾಪ್ಸ್ ಮೂಸಿದರೆ ಮೆಣಸು ಬಿಡಿಸಿದ ಕೈ ನೆನಪಾಗುವುದು ಸುಮ್ನೆ ಅಲ್ಲ.

ಕೆಡಿಸುವುದು ಯಾರು? ಮುಖ್ಯ ಕಳ್ಳ ಗಾಳಿಯಲ್ಲಿರುವ ಆಮ್ಲಜನಕ. ಶಾಖ ಅವನಿಗೆ ದಾರಿ ತೋರಿಸುತ್ತದೆ, ಬೆಳಕು ಮತ್ತು ತೇವ ಕೈ ಜೋಡಿಸುತ್ತವೆ. ಆಲ್ಫಾ ಆಮ್ಲ ಆಮ್ಲಜನಕದ ಜೊತೆ ಸೇರಿ ಒಡೆಯುವಾಗ ಐಸೋವ್ಯಾಲೆರಿಕ್ ಆಮ್ಲ ಹುಟ್ಟುತ್ತದೆ. ಹಳೆ ಚೀಸಿನಲ್ಲೂ ಬೆವರಿದ ಕಾಲಿನಲ್ಲೂ ಇರುವುದು ಇದೇ. ನನ್ನ ಸಾಕ್ಸ್ ವಾಸನೆಯ ಗುಟ್ಟು ಸಿಕ್ಕಿತಲ್ವಾ?

ಈಗ ಲೆಕ್ಕ. ಉಷ್ಣಾಂಶ 15 ಡಿಗ್ರಿ ಇಳಿದರೆ ಕೆಡುವ ವೇಗ ಅರ್ಧವಾಗುತ್ತದೆ ಎನ್ನುವುದು ರೂಢಿಯ ಸೂತ್ರ. ಕ್ಯಾಸ್ಕೇಡ್ ತಳಿಯನ್ನೇ ತಗೊಳ್ಳಿ. ಇದು ಬೇಗ ಕೆಡುವ ಜಾತಿ. ಸಾದಾ ಪ್ಲಾಸ್ಟಿಕ್ ಚೀಲದಲ್ಲಿ, 20 ಡಿಗ್ರಿಯಲ್ಲಿ ಆರು ತಿಂಗಳಿಟ್ಟರೆ ಹೆಚ್ಚುಕಮ್ಮಿ ಅರ್ಧ ಆಲ್ಫಾ ಹೋಗಿರುತ್ತದೆ. ಹಾಪ್ಸ್ ತೂಕದ 6 ಶೇಕಡಾ ಇದ್ದದ್ದು 3 ಆಗುತ್ತದೆ. ಅದೇ ಚೀಲ 5 ಡಿಗ್ರಿಯ ಫ್ರಿಜ್ಜಿನಲ್ಲಿದ್ದರೆ ಸುಮಾರು 4.2 ಉಳಿಯುತ್ತದೆ. ಮೈನಸ್ 18ರ ಫ್ರೀಜರಿನಲ್ಲಿ 5.3. ಗಾಳಿ ತೆಗೆದು ಫಾಯಿಲ್ ಚೀಲದಲ್ಲಿ ಸೀಲ್ ಮಾಡಿದರೆ ವೇಗ ಮತ್ತೆ ಅರ್ಧಕ್ಕಿಳಿಯುತ್ತದೆ ಎಂದು ಹಿಡಿಯುತ್ತಾರೆ, ಆಗ 5.6 ಮೇಲೆಯೇ. ಇದೆಲ್ಲ ಅಂದಾಜು, ತಳಿಯಿಂದ ತಳಿಗೆ ಬೇರೆ. ಗಲೀನಾದಂಥವು ಜಾಸ್ತಿ ದಿನ ತಡೆಯುತ್ತವೆ. ಘಮದ ಲೆಕ್ಕ ಈ ಸೂತ್ರಕ್ಕೆ ಸಿಗುವುದಿಲ್ಲ, ಅದಕ್ಕೆ ಮೂಗೇ ಬೇಕು.

ಚೀಲದ ವಿಷಯದಲ್ಲಿ ತುಂಬಾ ಜನ ಮೋಸ ಹೋಗುತ್ತಾರೆ. ಅಡುಗೆಮನೆಯ ಜಿಪ್ ಕವರ್ ನೀರು ತಡೆಯುತ್ತದೆ, ಆಮ್ಲಜನಕವನ್ನು ತಡೆಯುವುದಿಲ್ಲ. ಪರೀಕ್ಷೆ ಸುಲಭ: ಚೀಲ ಮುಚ್ಚಿ, ಹೊರಗೆ ಒರೆಸಿ, ಒಂದು ಡಬ್ಬಿಯಲ್ಲಿ ರಾತ್ರಿಯಿಡೀ ಇಡಿ. ಬೆಳಿಗ್ಗೆ ಡಬ್ಬಿ ತೆಗೆದಾಗ ಹಾಪ್ಸ್ ಘಮ ಬಂದರೆ ಎಣ್ಣೆ ಹೊರಗೆ ಹೋಗುತ್ತಿದೆ ಎಂದರ್ಥ. ಹೋಗಲು ದಾರಿ ಇದ್ದರೆ ಬರಲೂ ಇರುತ್ತದೆ. ಒಳಗೆ ಅಲ್ಯುಮಿನಿಯಂ ಪದರ ಇರುವ ಚೀಲ ತಗೊಳ್ಳಿ, ವ್ಯಾಕ್ಯೂಮ್ ಸೀಲ್ ಮಾಡಿ. ಸ್ಟೀಲ್ ಡಬ್ಬಿ ಗಟ್ಟಿ ನಿಜ, ಆದರೆ ಅರ್ಧ ಖಾಲಿ ಡಬ್ಬಿಯಲ್ಲಿ ಉಳಿದರ್ಧ ಗಾಳಿಯೇ.

ಇನ್ನು ನನ್ನ ತಪ್ಪಿಗೆ ಬರೋಣ. ಹೊಸ ಹೂವನ್ನು ಒಣಗಿಸಿ ತೇವವನ್ನು 8ರಿಂದ 10 ಶೇಕಡಾಕ್ಕೆ ತಂದಿರುತ್ತಾರೆ. ಪಾರ್ಚ್‌ಮೆಂಟ್ ಕಾಫಿಯನ್ನು (ಹಣ್ಣಿನ ಸಿಪ್ಪೆ ತೆಗೆದು ತೊಳೆದ ಬೀಜ) ಕಣದಲ್ಲಿ ಒಣಗಿಸುವುದೂ ಸುಮಾರು ಅಷ್ಟಕ್ಕೇ. ಜುಲೈನಲ್ಲಿ ಕಾಫಿ ಮೂಟೆಯನ್ನು ಬಾಗಿಲು ತೆರೆದ ಗೋದಾಮಿನಲ್ಲಿ ಬಿಡುತ್ತೀರಾ? ನಾನು ಹಾಪ್ಸ್‌ಗೆ ಅದನ್ನೇ ಮಾಡಿದ್ದೆ. ತಣ್ಣನೆ ಗುಳಿಗೆಗೆ ಮಳೆಗಾಲದ ಗಾಳಿ ತಾಗಿದ ಕೂಡಲೇ, ಫ್ರಿಜ್ಜಿನಿಂದ ತೆಗೆದ ಬಾಟಲಿ ಬೆವರುವ ಹಾಗೆ, ಅದೂ ಬೆವರುತ್ತದೆ. ಒತ್ತಿ ಗಟ್ಟಿ ಮಾಡಿದ ಗುಳಿಗೆ ಆ ನೀರು ಹೀರಿ ಉಬ್ಬಿ ಸಡಿಲವಾಗುತ್ತದೆ. ಆಮೇಲೆ ಗಾಳಿಗೆ ಒಳಗೆಲ್ಲ ದಾರಿ. ಪ್ಯಾಕೆಟ್ಟನ್ನು ಸೀಲ್ ಸಮೇತ ಹೊರಗಿಟ್ಟು, ಕೋಣೆಯ ಬಿಸಿಗೆ ಬಂದ ಮೇಲೆ ಬಿಚ್ಚಬೇಕು. ನಾನೀಗ ಎರಡು ಗಂಟೆ ಕಾಯುತ್ತೇನೆ. ಹೊರಮೈಯಲ್ಲಿ ಹನಿ ಇದ್ದರೆ ಇನ್ನೂ ಕಾಯುತ್ತೇನೆ.

ಅದಕ್ಕಿಂತ ಒಳ್ಳೆಯದು, ತಂದ ದಿನವೇ ಒಂದು ಸಲಕ್ಕೆ ಬೇಕಾದಷ್ಟೇ ಸಣ್ಣ ಸಣ್ಣ ಚೀಲ ಮಾಡಿ, ತಳಿ, ಕೊಯ್ಲಿನ ವರ್ಷ, ಆಲ್ಫಾ ಶೇಕಡಾ ಬರೆದು ಫ್ರೀಜರಿಗೆ ಹಾಕಿಬಿಡುವುದು. ಮಳೆಗಾಲಕ್ಕೆ ಮುಂಚೆ, ಒಣಹವೆಯ ದಿನ ನೋಡಿ. ಫ್ರೀಜರಿನ ಖಾಲಿ ಜಾಗಕ್ಕೆ ನೀರಿನ ಬಾಟಲಿ ತುಂಬಿಸಿಡಿ. ಮರ ಬಿದ್ದು ಕರೆಂಟ್ ಹೋದರೆ ಆ ಮಂಜುಗಡ್ಡೆ ಎಷ್ಟೋ ಗಂಟೆ ತಂಪು ಹಿಡಿದಿರುತ್ತದೆ.

ಕೆಟ್ಟದ್ದನ್ನು, ಸೋಸಿ ಉಳಿದ ಚರಟವನ್ನು ಏನು ಮಾಡುವುದು? ಗೊಬ್ಬರದ ಗುಂಡಿಗೆ ಹಾಕಿ, ಆದರೆ ಮೇಲೆ ಮಣ್ಣು ಮುಚ್ಚಿ. ಹಾಪ್ಸ್ ನಾಯಿಗೆ ವಿಷ. ತಿಂದರೆ ಮೈ ಬಿಸಿ ಏರುತ್ತಾ ಹೋಗಿ ಸಾಯಲೂಬಹುದು. ನಮ್ಮ ತೋಟದ ನಾಯಿಗೆ ಗುಂಡಿ ಕೆದಕುವ ಚಟ, ಅದಕ್ಕೇ ನಾನು ಮಣ್ಣಿನ ಮೇಲೊಂದು ಚಪ್ಪಡಿ ಕಲ್ಲನ್ನೂ ಎಳೆದಿದ್ದೇನೆ.