ಬಲೆಯ ಎಳೆ ಡಾಲ್ಫಿನ್ನಿಗೆ ಏಕೆ ಕೇಳಿಸುವುದಿಲ್ಲ?

ಗಂಗೆಯ ಡಾಲ್ಫಿನ್ ಬಲೆಗೆ ಸಿಕ್ಕಿ ಸತ್ತ ಸುದ್ದಿ ಬಂದಾಗಲೆಲ್ಲ, ಪಾಪ, ಕುರುಡು ಪ್ರಾಣಿ, ಬಲೆ ಕಾಣಲಿಲ್ಲ ಎನ್ನುವವರಿದ್ದಾರೆ. ಅದರ ಕಣ್ಣಿನಲ್ಲಿ ಮಸೂರವಿಲ್ಲ ಎಂಬುದು ನಿಜ. ಆದರೆ ಕೆಸರು ಕದಡಿದ ಗಂಗೆಯಲ್ಲಿ ಕಣ್ಣಿದ್ದವರಿಗೂ ಒಂದು ಮಾರು ದೂರ ಕಾಣುವುದಿಲ್ಲ. ಡಾಲ್ಫಿನ್ ಅಲ್ಲಿ ಬಾಳಿಕೊಂಡು ಬಂದಿರುವುದೇ ಕಿವಿಯ ಬಲದಿಂದ. ಇಷ್ಟು ಚುರುಕಾದ ಕಿವಿಗೆ ಬಲೆಯೊಂದು ಹೇಗೆ ತಪ್ಪಿಹೋಗುತ್ತದೆ ಎಂಬುದೇ ಇಲ್ಲಿ ಕೇಳಬೇಕಾದ ಪ್ರಶ್ನೆ.

ಈ ಪ್ರಾಣಿ ಸುಮಾರು 60 ಕಿಲೋಹರ್ಟ್ಸ್ ಆಸುಪಾಸಿನ ಸದ್ದುಗಳನ್ನು ಹಗಲಿರುಳೂ ಹೊರಡಿಸುತ್ತ, ಮರಳಿ ಬರುವ ಪ್ರತಿಧ್ವನಿಯಿಂದ ಎದುರಿಗಿರುವುದನ್ನು ಅರಿಯುತ್ತದೆ. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್ ಆದ್ದರಿಂದ ಆ ಸದ್ದಿನ ತರಂಗಾಂತರ ಎರಡೂವರೆ ಸೆಂಟಿಮೀಟರ್ ಆಗುತ್ತದೆ. ನೈಲಾನ್ ಬಲೆಯ ಎಳೆಯ ದಪ್ಪವಾದರೋ ಒಂದು ಮಿಲಿಮೀಟರಿಗಿಂತಲೂ ಕಡಿಮೆ. ಕೆರೆಯ ಅಲೆ ಬಂಡೆಗೆ ಬಡಿದರೆ ಹಿಂದಿರುಗುತ್ತದೆ, ಜೊಂಡಿನ ಕಡ್ಡಿ ಎದುರಾದರೆ ಬಳಸಿಕೊಂಡು ಮುಂದೆ ಸಾಗುತ್ತದೆ. ಶಬ್ದದ ಅಲೆಯೂ ಅಷ್ಟು ತೆಳುವಾದ ಎಳೆಯನ್ನು ಹಾಗೆಯೇ ದಾಟಿಬಿಡುತ್ತದೆ. ಸಾಲದ್ದಕ್ಕೆ ನೈಲಾನಿನ ಸಾಂದ್ರತೆ ನೀರಿನದಕ್ಕೆ ಹತ್ತಿರ. ಮೀನಿನ ಹೊಟ್ಟೆಯಲ್ಲಿರುವ ಗಾಳಿಚೀಲವೋ ಶಬ್ದವನ್ನು ಬಲವಾಗಿ ಹಿಂದಕ್ಕೆ ಕಳಿಸುತ್ತದೆ. ಹೀಗಾಗಿ ಬಲೆಯೊಳಗಿನ ಮೀನು ಸ್ಪಷ್ಟವಾಗಿ ಕೇಳಿಸುತ್ತದೆ, ಬಲೆ ಪಿಸುಗುಡುತ್ತದೆ, ಯಂತ್ರದ ದೋಣಿಗಳ ಗದ್ದಲ ಆ ಪಿಸುಮಾತನ್ನೂ ಮುಚ್ಚಿಹಾಕುತ್ತದೆ.

ಉದ್ದ ಮೂತಿಯಲ್ಲಿ ಒಂದಕ್ಕೊಂದು ಹೆಣೆದುಕೊಂಡ ಚೂಪು ಹಲ್ಲುಗಳಿಗೆ ಬಲೆಯ ಕಣ್ಣು ಒಮ್ಮೆ ತೊಡರಿದರೆ ಬಿಡಿಸಿಕೊಳ್ಳುವುದು ಕಷ್ಟ. ಡಾಲ್ಫಿನ್ ಮೀನಲ್ಲ, ನಿಮಿಷ ಎರಡು ನಿಮಿಷಕ್ಕೊಮ್ಮೆ ಮೇಲೆದ್ದು ಉಸಿರಾಡಲೇಬೇಕಾದ ಸಸ್ತನಿ. ಹೆಣ್ಣು ಎರಡು ಮೂರು ವರ್ಷಕ್ಕೊಮ್ಮೆ ಒಂದೇ ಮರಿ ಹಾಕುವುದರಿಂದ, ಆಕಸ್ಮಿಕ ಸಾವು ಅಪರೂಪಕ್ಕೆ ನಡೆದರೂ ನಷ್ಟ ಬೇಗ ತುಂಬುವುದಿಲ್ಲ.

ಅಶೋಕನು ಪಟ್ಟಕ್ಕೆ ಬಂದು 26 ವರ್ಷವಾದಾಗ ಬರೆಸಿದ ಐದನೆಯ ಸ್ತಂಭಶಾಸನದಲ್ಲಿ, ಕೊಲ್ಲಬಾರದ ಪ್ರಾಣಿಗಳ ಪಟ್ಟಿಯಲ್ಲಿ ‘ಗಂಗಾಪುಪುಟಕ’ ಎಂಬ ಹೆಸರಿದೆ. ಅದು ಈ ಡಾಲ್ಫಿನ್ನೇ ಎಂದು ಹಲವು ವಿದ್ವಾಂಸರು ಗುರುತಿಸಿದ್ದಾರೆ. ನಮ್ಮ ಕಾಲದಲ್ಲಿ, 1991ರಲ್ಲಿ ಬಿಹಾರದ ಸುಲ್ತಾನ್‌ಗಂಜ್‌ನಿಂದ ಕಹಲ್‌ಗಾಂವ್‌ವರೆಗೆ ವಿಕ್ರಮಶಿಲಾ ಡಾಲ್ಫಿನ್ ಅಭಯಾರಣ್ಯವಾಯಿತು, 2009ರಲ್ಲಿ ಈ ಪ್ರಾಣಿ ರಾಷ್ಟ್ರೀಯ ಜಲಚರವೆಂದು ಘೋಷಣೆಯಾಯಿತು. 2025ರಲ್ಲಿ ಪ್ರಕಟವಾದ ಸಮೀಕ್ಷೆ ದೇಶದಲ್ಲಿ 6,327 ನದಿ ಡಾಲ್ಫಿನ್‌ಗಳಿವೆ ಎಂದು ಅಂದಾಜಿಸಿದೆ.

ಇಷ್ಟೆಲ್ಲ ರಕ್ಷಣೆಯ ನಡುವೆಯೂ ಡಾಲ್ಫಿನ್ನಿನ ಕೊಬ್ಬಿನ ಎಣ್ಣೆ ಕೀಲುನೋವಿಗೆ ಮದ್ದೆಂಬ ನಂಬಿಕೆ ಅಳಿದಿಲ್ಲ ಎಂಬುದು ನನ್ನನ್ನು ಕಾಡುತ್ತದೆ. ಮೀನುಗಳನ್ನು ಸೆಳೆಯಲೂ ಅದೇ ಎಣ್ಣೆ ಬಳಕೆಯಲ್ಲಿತ್ತು. ಸತ್ತ ಪ್ರಾಣಿಗೆ ಬೆಲೆ ಇದ್ದಲ್ಲಿ, ಸಿಕ್ಕಿಬಿದ್ದದ್ದನ್ನು ಬಿಡಿಸುವ ಆತುರ ಯಾರಿಗಿರುತ್ತದೆ? ಪಟ್ನಾದ ಪ್ರಾಣಿವಿಜ್ಞಾನಿ ಆರ್. ಕೆ. ಸಿನ್ಹಾ ಅವರು ಮೀನಿನ ಕಸದಿಂದ ತೆಗೆದ ಎಣ್ಣೆಯೂ ಮೀನು ಸೆಳೆಯುವ ಅದೇ ಕೆಲಸ ಮಾಡುತ್ತದೆಂದು ತೋರಿಸಿದ್ದು, ಬುದ್ಧಿವಾದಕ್ಕಿಂತ ಹೆಚ್ಚು ಉಪಯುಕ್ತವಾದ ಕೊಡುಗೆ ಎಂದು ನನ್ನ ಭಾವನೆ. ಉಪನದಿ ಸೇರುವಲ್ಲಿ, ಆಳದ ಮಡುಗಳಲ್ಲಿ ಮೀನು ಹೆಚ್ಚು. ಡಾಲ್ಫಿನ್ ಬರುವುದೂ ಬಲೆ ಬೀಳುವುದೂ ಅಲ್ಲಿಯೇ. ಆ ಕೆಲವು ಜಾಗಗಳನ್ನಾದರೂ ಬಲೆಯಿಂದ ಮುಕ್ತವಾಗಿಡಲು ಮೀನುಗಾರರೊಂದಿಗೆ ಕೂತು ಒಪ್ಪಂದಕ್ಕೆ ಬರಬೇಕು, ಅವರಿಗಾಗುವ ನಷ್ಟವನ್ನು ತುಂಬಿಕೊಡಬೇಕು, ಹರಿದ ಬಲೆಯನ್ನು ನದಿಗೆ ಎಸೆಯದೆ ದಡಕ್ಕೆ ತಂದುಕೊಟ್ಟವರಿಗೂ ಹಣ ಸಿಗುವಂತಾಗಬೇಕು.