ಎರಡು ಕವಿತೆಗೂ ಒಂದೇ ಪ್ರಶ್ನೆ ಕೇಳಿ: ಜಿಸಿಎಸ್‌ಇ ಯುದ್ಧಕವಿತೆಗಳ ತಯಾರಿ

ಇಂಗ್ಲೆಂಡಿನಲ್ಲಿರುವ ಕನ್ನಡದ ಮನೆಗಳಲ್ಲಿ ಮಗು ಶಾಲೆಯ ಹತ್ತನೆಯ ಅಥವಾ ಹನ್ನೊಂದನೆಯ ವರ್ಷದಲ್ಲಿದ್ದರೆ ಈ ಮಾತು ಕೇಳಿರುತ್ತೀರಿ: "ಗಣಿತ, ಸೈನ್ಸ್ ನಾನು ನೋಡ್ಕೊಳ್ತೀನಿ, ಆದರೆ ಆ ಕವಿತೆ ಹೋಲಿಸೋದು ಹೇಗೆ ಅಂತಾನೇ ಗೊತ್ತಾಗಲ್ಲ." ಅಪ್ಪ ಅಮ್ಮ ನನ್ನ ಹತ್ತಿರ ಬಂದಾಗ ಇನ್ನೊಂದು ಮಾತು ಸೇರಿಸುತ್ತಾರೆ. ನಾವು ಎಂಜಿನಿಯರಿಂಗ್ ಓದಿದವರು, ನಮಗೇ ಇದು ಬರಲ್ಲ, ಮಗುವಿಗೆ ಏನು ಹೇಳಿಕೊಡೋದು? ಇಂಗ್ಲಿಷ್ ಸಾಹಿತ್ಯ ಕಲಿಸುವವಳಾಗಿ ನನ್ನ ಉತ್ತರ ಇಷ್ಟೇ: ಜಿಸಿಎಸ್‌ಇಗೆ, ಅಂದರೆ ಹನ್ನೊಂದನೆಯ ವರ್ಷದ ಕೊನೆಯ ಆ ಪರೀಕ್ಷೆಗೆ, ಬೇಕಾದ ಮುಖ್ಯ ಯೋಚನೆಯನ್ನು ಕನ್ನಡದಲ್ಲೇ, ಊಟದ ಮೇಜಿನಲ್ಲೇ ಮಾಡಬಹುದು. ಹೇಗೆ ಅಂತ ಇಲ್ಲಿ ತೋರಿಸುತ್ತೇನೆ.

ಮೊದಲು ಪರೀಕ್ಷೆಯ ಸ್ವರೂಪ. ಎಲ್ಲ ಶಾಲೆಗಳದ್ದೂ ಒಂದೇ ಬೋರ್ಡ್ ಅಲ್ಲ. ನಾನು ಹೇಳುತ್ತಿರುವುದು ಎಕ್ಯೂಎ ಬೋರ್ಡಿನ ಇಂಗ್ಲಿಷ್ ಸಾಹಿತ್ಯದ ಎರಡನೆಯ ಪತ್ರಿಕೆಯ ಬಗ್ಗೆ. 2 ಗಂಟೆ 15 ನಿಮಿಷ, 96 ಅಂಕ. ಅದರ ನಡುವಿನ ಭಾಗ ಕವಿತಾಗುಚ್ಛದ್ದು, 30 ಅಂಕ. 'ಪವರ್ ಆ್ಯಂಡ್ ಕಾನ್‌ಫ್ಲಿಕ್ಟ್' ಗುಚ್ಛದಲ್ಲಿ 15 ಕವಿತೆಗಳಿವೆ. ಪರೀಕ್ಷೆಯಲ್ಲಿ ಒಂದು ಕವಿತೆ ಅಚ್ಚಾಗಿ ಕೈಗೆ ಬರುತ್ತದೆ. ಅದನ್ನು ಗುಚ್ಛದ ಇನ್ನೊಂದು ಕವಿತೆಯೊಂದಿಗೆ ಹೋಲಿಸಬೇಕು. ಆ ಇನ್ನೊಂದು ಯಾವುದು ಅನ್ನುವುದು ಮಗುವಿನ ಆಯ್ಕೆ, ಆದರೆ ಅದು ನೆನಪಿನಿಂದಲೇ ಬರಬೇಕು. ಪುಸ್ತಕ ಒಳಗೆ ಬಿಡುವುದಿಲ್ಲ.

ಆ 30 ಅಂಕ ಹಂಚಿರುವ ರೀತಿಯನ್ನು ಸರಿಯಾಗಿ ನೋಡಿಕೊಳ್ಳಿ. ಕವಿತೆ ಅರ್ಥವಾಗಿದೆ, ಅದರ ಬಗ್ಗೆ ಒಂದು ವಾದ ಇದೆ, ಸಾಲುಗಳ ಆಧಾರ ಇದೆ ಅನ್ನುವುದಕ್ಕೆ 12. ಕವಿಯ ಭಾಷೆ, ಲಯ, ರಚನೆಗೆ 12. ಕಾಲ, ಸಂದರ್ಭಕ್ಕೆ 6. ಈ ಪ್ರಶ್ನೆಯಲ್ಲಿ ಸ್ಪೆಲಿಂಗ್‌ಗೆ ಪ್ರತ್ಯೇಕ ಅಂಕ ಇಲ್ಲ. ಆದರೂ ಮಕ್ಕಳು ಜಾಸ್ತಿ ಹೊತ್ತು ಕೂತು ಬಾಯಿಪಾಠ ಮಾಡುವುದು ಕವಿಯ ಜೀವನಚರಿತ್ರೆಯನ್ನೇ. ಹುಟ್ಟಿದ ಇಸವಿ, ಸತ್ತ ಇಸವಿ, ಯಾವ ರೆಜಿಮೆಂಟ್. 6 ಅಂಕದ ಭಾಗಕ್ಕೆ ವಾರಗಟ್ಟಲೆ, 12 ಅಂಕದ ಭಾಗಕ್ಕೆ ಕೊನೆಯ ಎರಡು ದಿನ. ಇದು ತಿರುಗುಮುರುಗಾಗಬೇಕು.

ಇನ್ನು ಹೋಲಿಕೆಗೆ ಬರೋಣ. ಸಾಧಾರಣ ಉತ್ತರ ಹೀಗಿರುತ್ತದೆ: ಒಂದು ಪುಟ ಟೆನಿಸನ್ ಅನ್ನುವ ಕವಿಯ ಬಗ್ಗೆ, ಒಂದು ಪುಟ ಓವೆನ್ ಅನ್ನುವ ಕವಿಯ ಬಗ್ಗೆ, ನಡುವೆ "ಇನ್ನೊಂದು ಕಡೆ" ಅನ್ನುವ ಒಂದು ಪದ. ಹುಡುಗ ಹುಡುಗಿಯ ಜಾತಕ ಬೇರೆ ಬೇರೆ ಓದಿ, ಹೊಂದುತ್ತೋ ಇಲ್ಲವೋ ಹೇಳದೆ ಜೋಯಿಸರು ಎದ್ದು ಹೋದ ಹಾಗೆ. ಹೋಲಿಕೆ ಅಂದರೆ ಒಂದೇ ಪ್ರಶ್ನೆಯನ್ನು ಎರಡೂ ಕವಿತೆಗಳಿಗೆ ಕೇಳುವುದು. ಪ್ರಶ್ನೆ ಸಣ್ಣದಿರಬೇಕು. "ಯುದ್ಧದ ಬಗ್ಗೆ ಏನು ಹೇಳುತ್ತಾರೆ?" ಅಂತ ಕೇಳಿದರೆ "ಒಬ್ಬರು ಹೊಗಳುತ್ತಾರೆ, ಒಬ್ಬರು ತೆಗಳುತ್ತಾರೆ" ಅನ್ನುವಲ್ಲಿಗೆ ಮಾತು ಮುಗಿಯುತ್ತದೆ. ಬದಲಿಗೆ ಹೀಗೆ ಕೇಳಿ ನೋಡಿ: ಪ್ರತಿ ಪದ್ಯಭಾಗದ ಕೊನೆಯ ಸಾಲಿನಲ್ಲಿ ಏನಾಗುತ್ತದೆ?

ಟೆನಿಸನ್ನನ 'ದಿ ಚಾರ್ಜ್ ಆಫ್ ದಿ ಲೈಟ್ ಬ್ರಿಗೇಡ್' ತೆಗೆದುಕೊಳ್ಳಿ. ಕ್ರೈಮಿಯಾ ಯುದ್ಧ, 1854ರ ಅಕ್ಟೋಬರ್ 25, ಬಾಲಾಕ್ಲಾವಾ. ಆಜ್ಞೆಯನ್ನು ತಪ್ಪಾಗಿ ತಿಳಿದು, ಬ್ರಿಟಿಷ್ ಕುದುರೆ ದಳವೊಂದು ಮೂರು ಕಡೆ ಫಿರಂಗಿಗಳಿದ್ದ ಕಣಿವೆಯೊಳಗೆ ನುಗ್ಗಿತು. ಕವಿತೆಯಲ್ಲಿ ಆರು ಭಾಗಗಳು. ಆರರ ಕೊನೆಗೂ 'ಸಿಕ್ಸ್ ಹಂಡ್ರೆಡ್' ಬರುತ್ತದೆ. ಆದರೆ ಅದರ ಹಿಂದಿನ ಪದವನ್ನು ನೋಡುತ್ತಾ ಹೋಗಿ. ಮೊದಲ ಮೂರರಲ್ಲಿ 'ರೋಡ್ ದಿ ಸಿಕ್ಸ್ ಹಂಡ್ರೆಡ್': ಆರುನೂರು ಮಂದಿ ಸವಾರಿ ಹೊರಟಿದ್ದಾರೆ. ನಾಲ್ಕನೆಯದರಲ್ಲಿ 'ನಾಟ್ ದಿ ಸಿಕ್ಸ್ ಹಂಡ್ರೆಡ್': ತಿರುಗಿ ಬಂದರು, ಆದರೆ ಆರುನೂರು ಮಂದಿ ಅಲ್ಲ. ಐದನೆಯದರಲ್ಲಿ 'ಲೆಫ್ಟ್ ಆಫ್ ಸಿಕ್ಸ್ ಹಂಡ್ರೆಡ್': ಉಳಿದವರು ಇಷ್ಟೇ. ಆರನೆಯದರಲ್ಲಿ 'ನೋಬಲ್ ಸಿಕ್ಸ್ ಹಂಡ್ರೆಡ್'. ಹೊರಟರು, ಇಲ್ಲವಾದರು, ಅಳಿದುಳಿದರು, ದೊಡ್ಡವರಾದರು. ಇಡೀ ಕಥೆ ಆ ಒಂದು ಜಾಗದಲ್ಲಿದೆ. ಬದುಕಿ ಬಂದವರು ಎಷ್ಟೇ ಇರಲಿ, ಕೊನೆಯಲ್ಲಿ ಕವಿ ಮತ್ತೆ ಆರುನೂರು ಮಂದಿಯನ್ನೂ ಒಟ್ಟಿಗೆ ನಿಲ್ಲಿಸುತ್ತಾನೆ. ಸತ್ತವರು ಲೆಕ್ಕಕ್ಕೆ ವಾಪಸ್ ಬರುತ್ತಾರೆ. ಈ ಕವಿತೆಯಲ್ಲಿ ನನಗೆ ತುಂಬಾ ಇಷ್ಟವಾದ ಜಾಗ ಇದು.

ಈಗ ಇದೇ ಪ್ರಶ್ನೆಯನ್ನು, ಮೊದಲ ಮಹಾಯುದ್ಧದಲ್ಲಿ ಸೈನಿಕನಾಗಿದ್ದ ವಿಲ್ಫ್ರೆಡ್ ಓವೆನ್ನನ 'ಎಕ್ಸ್‌ಪೋಷರ್'ಗೆ ಕೇಳಿ. ಎಂಟು ಭಾಗಗಳು, ಪ್ರತಿಯೊಂದರಲ್ಲೂ ಐದು ಸಾಲು, ಐದನೆಯದು ಗಿಡ್ಡ ಸಾಲು. ಒಂದು, ಮೂರು, ನಾಲ್ಕು ಮತ್ತು ಎಂಟನೆಯ ಭಾಗಗಳು 'ಬಟ್ ನಥಿಂಗ್ ಹ್ಯಾಪನ್ಸ್' ಅಂತ ಮುಗಿಯುತ್ತವೆ. ಒಂದು ಅಕ್ಷರವೂ ಬದಲಾಗುವುದಿಲ್ಲ. ನಡುವೆ ಬೇರೆ ಸಾಲುಗಳು ಬರುತ್ತವೆ: ನಾವಿಲ್ಲಿ ಏನು ಮಾಡುತ್ತಿದ್ದೇವೆ? ನಾವು ಸಾಯುತ್ತಿದ್ದೇವಾ? ಐದು, ಆರು, ಏಳನೆಯ ಭಾಗಗಳ ಕೊನೆಯ ಪದ 'ಡೈಯಿಂಗ್'. ಅಂದರೆ ಸಾವು ನಡೆಯುತ್ತಲೇ ಇದೆ. ಆಮೇಲೂ ಎಂಟನೆಯ ಭಾಗದಲ್ಲಿ ಹೂಳುವ ತಂಡ ಸಲಿಕೆ ಹಿಡಿದು ಬಂದು ಅರೆಗುರುತಿನ ಮುಖಗಳ ಮುಂದೆ ನಿಂತಾಗಲೂ ಅದೇ ಸಾಲು: ಆದರೆ ಏನೂ ಆಗುವುದಿಲ್ಲ. ಮನುಷ್ಯರು ಹೆಪ್ಪುಗಟ್ಟಿ ಸಾಯುವುದು ಈ ಯುದ್ಧದಲ್ಲಿ ಒಂದು 'ಆಗುವ' ಸಂಗತಿಯೂ ಅಲ್ಲ.

ಎರಡನ್ನೂ ಪಕ್ಕದಲ್ಲಿಡಿ. ಟೆನಿಸನ್ನನ ಪಲ್ಲವಿ ಬದಲಾಗುತ್ತದೆ, ಯಾಕೆಂದರೆ ಅವನ ಪ್ರಕಾರ ಆ ಸಾವು ಆ ಜನರನ್ನು ಎಲ್ಲಿಗೋ ತಲುಪಿಸಿತು. ಓವೆನ್ನನದು ಬದಲಾಗುವುದಿಲ್ಲ, ಯಾಕೆಂದರೆ ಅವನು ಕಂಡ ಸಾವು ಯಾರನ್ನೂ ಎಲ್ಲಿಗೂ ತಲುಪಿಸಲಿಲ್ಲ. ಈ ಎರಡು ವಾಕ್ಯವೇ ಹೋಲಿಕೆ. ಮಗು ಇದನ್ನು ಕನ್ನಡದಲ್ಲಿ ಹೇಳಿದರೂ ಸರಿ, ಅರ್ಧ ಕನ್ನಡ ಅರ್ಧ ಇಂಗ್ಲಿಷಿನಲ್ಲಿ ಹೇಳಿದರೂ ಸರಿ. ಯೋಚನೆ ಕೈಗೆ ಸಿಕ್ಕ ಮೇಲೆ ಇಂಗ್ಲಿಷಿನಲ್ಲಿ ಬರೆಯುವುದು ಅಭ್ಯಾಸದ ಮಾತು.

ಅಭ್ಯಾಸಕ್ಕೆ ಮೂರನೆಯ ಕವಿತೆಗೂ ಇದೇ ತರಹದ ಪ್ರಶ್ನೆ ಹಾಕಿ: ಮರಳಿ ಬರುವ ಮಾತಿಗೆ ಏನಾಗುತ್ತದೆ? ಸೈಮನ್ ಆರ್ಮಿಟೇಜ್ ಬರೆದ 'ರಿಮೇನ್ಸ್'ನಲ್ಲಿ ಇರಾಕಿನ ಬಸ್ರಾದಲ್ಲಿದ್ದ ಸೈನಿಕನೊಬ್ಬ ತಾನು ಗುಂಡಿಕ್ಕಿದವನ ಬಗ್ಗೆ ಹೇಳುತ್ತಾನೆ. ಅವನ ಕೈಲಿ ಬಹುಶಃ ಆಯುಧ ಇತ್ತು, ಇಲ್ಲದೆಯೂ ಇರಬಹುದು ಅನ್ನುವ ಮಾತು ಎರಡು ಸಲ ಬರುತ್ತದೆ. ಮೊದಲ ಸಲ ಅದು ಬೀದಿಯಲ್ಲಿ ನಿಂತು ಹಾಕಿದ ಅಂದಾಜು. ಎರಡನೆಯ ಸಲ ಸೈನಿಕ ಮನೆಯಲ್ಲಿದ್ದಾನೆ, ಕಣ್ಣು ಮುಚ್ಚಿದರೆ ಅದೇ ದೃಶ್ಯ. ಮಾತು ಅದೇ, ಆದರೆ ಈಗ ಅದು ಅಪರಾಧಭಾವ. ಟೆನಿಸನ್ನನಲ್ಲಿ ಪದ ಬದಲಾಗಿ ಅರ್ಥ ಬದಲಾಯಿತು, ಇಲ್ಲಿ ಪದ ಬದಲಾಗದೆಯೇ ಅರ್ಥ ಬದಲಾಗಿದೆ. ಒಂದು ಸಣ್ಣ ಪ್ರಶ್ನೆಯಿಂದ ಮೂರು ಕವಿತೆಗಳು ಒಂದೇ ಎಳೆಯಲ್ಲಿ ಬಂದವು, ಅಲ್ವಾ?

ಭಾಷೆಯ 12 ಅಂಕದ ಬಗ್ಗೆ ಒಂದು ಮಾತು. ಮಕ್ಕಳು ಅಲಂಕಾರಗಳ ಹೆಸರು ಪಟ್ಟಿ ಮಾಡುತ್ತಾರೆ. ಸಿಮಿಲಿ ಇದೆ, ಅಲಿಟರೇಷನ್ ಇದೆ ಅಂತ ಸುಮ್ನೆ ಹೆಸರು ಬರೆದರೆ ಏನೂ ಸಿಗುವುದಿಲ್ಲ. ಅದು ಇಲ್ಲಿ ಯಾಕೆ ಬಂತು, ಕಿವಿಗೆ ಏನು ಮಾಡಿತು ಅನ್ನುವುದಕ್ಕೆ ಅಂಕ. ಕಿವಿ ಅಂದೆ, ಯಾಕೆಂದರೆ ಈ ಕವಿತೆಗಳನ್ನು ಗಟ್ಟಿಯಾಗಿ ಓದದೆ ತಯಾರಿ ಆಗುವುದಿಲ್ಲ. 'ಹಾಫ್ ಅ ಲೀಗ್, ಹಾಫ್ ಅ ಲೀಗ್' ಅಂತ ಓದಿದ ತಕ್ಷಣ ಕುದುರೆಯ ಓಟ ಬರುತ್ತದೆ. ಓವೆನ್ನನ ಉದ್ದ ಸಾಲುಗಳನ್ನು ಹಾಗೆ ಓಡಿಸಿಕೊಂಡು ಓದಲಾಗುವುದಿಲ್ಲ. ಮೊದಲ ಭಾಗದ ಸಾಲುಗಳು ಚುಕ್ಕಿಗಳಲ್ಲಿ ಎಳೆದು ನಿಲ್ಲುತ್ತವೆ.

ಓವೆನ್ನನ ಪ್ರಾಸವಂತೂ ನಮ್ಮ ಕಿವಿಗೆ ವಿಶೇಷ. ಮೊದಲ ಭಾಗದಲ್ಲಿ 'ಸೈಲೆಂಟ್' ಮತ್ತು 'ಸೇಲಿಯಂಟ್', 'ನೈವ್ ಅಸ್' ಮತ್ತು 'ನರ್ವಸ್'. ವ್ಯಂಜನಗಳು ಹೊಂದುತ್ತವೆ, ಸ್ವರ ಹೊಂದುವುದಿಲ್ಲ. ಇದಕ್ಕೆ ಪ್ಯಾರಾರೈಮ್ ಅನ್ನುತ್ತಾರೆ. ಕನ್ನಡದ ಎರಡನೆಯ ಅಕ್ಷರದ ಪ್ರಾಸವೂ ವ್ಯಂಜನವನ್ನೇ ನೋಡುತ್ತದೆ. ಕುಮಾರವ್ಯಾಸನ 'ವೀರನಾರಾಯಣನೆ ಕವಿ' ಪದ್ಯದಲ್ಲಿ ಸಾಲುಗಳು ವೀರ, ಕಾರ, ಸೂರಿ, ಚಾರು ಅಂತ ಶುರುವಾಗುತ್ತವೆ. ರ, ರಿ, ರು ಯಾವುದಾದರೂ ನಮಗೆ ಪ್ರಾಸ ಪೂರ್ತಿ ಆಯಿತು. ಆದರೆ ಇಂಗ್ಲಿಷ್ ಕಿವಿ ಸಾಲಿನ ಕೊನೆಯಲ್ಲಿ ಸ್ವರವೂ ಹೊಂದಬೇಕು ಅಂತ ಕಾಯುತ್ತದೆ. ಓವೆನ್ ಕಾಯಿಸುತ್ತಾನೆ, ಕೊಡುವುದಿಲ್ಲ. ಹಳ್ಳದಲ್ಲಿ ಕೂತ ಸೈನಿಕರು ಏನೋ ಆಗುತ್ತದೆ ಅಂತ ಕಾಯುತ್ತಾರೆ, ಆಗುವುದಿಲ್ಲ. ಕಿವಿಯ ನಿರಾಸೆ, ಕವಿತೆಯ ವಸ್ತು ಎರಡೂ ಒಂದೇ. ಗಮಕ ಕೇಳಿ ಬೆಳೆದ ಅಜ್ಜ ಅಜ್ಜಿ ಮನೆಯಲ್ಲಿದ್ದರೆ ಈ ಪ್ರಾಸದ ಮಾತನ್ನು ಮಗುವಿಗೆ ಅವರಿಂದಲೇ ಹೇಳಿಸಿ. ಮಗು ಬೇಗ ಹಿಡಿಯುತ್ತದೆ.

ಸಂದರ್ಭದ 6 ಅಂಕ. ನಿಯಮ ಸರಳ: ಇತಿಹಾಸ ಯಾವುದಾದರೂ ಒಂದು ಪದಕ್ಕೆ ಅಂಟಿಕೊಂಡಿರಬೇಕು. 'ಟೆನಿಸನ್ ಆಸ್ಥಾನಕವಿಯಾಗಿದ್ದ' ಅನ್ನುವುದು ಸುಮ್ಮನೆ ಮಾಹಿತಿ. ಆಸ್ಥಾನಕವಿಯೇ 'ಸಮ್‌ವನ್ ಹ್ಯಾಡ್ ಬ್ಲಂಡರ್ಡ್', ಯಾರೋ ಎಡವಟ್ಟು ಮಾಡಿದ್ದಾರೆ ಅಂತ ಬರೆದ, ಆದರೆ ಯಾರು ಅಂತ ಹೆಸರು ಹೇಳಲಿಲ್ಲ ಅಂದರೆ ಅದು ವಾದ. 1855ರಲ್ಲಿ ಕವಿತೆಯನ್ನು ತನ್ನ ಪುಸ್ತಕಕ್ಕೆ ಸೇರಿಸುವಾಗ ಅವನು ಈ ಸಾಲನ್ನು ತೆಗೆದಿದ್ದ. ಆಮೇಲೆ ಸೈನಿಕರಿಗಾಗಿ ಅಚ್ಚು ಹಾಕಿಸಿದ ಪ್ರತಿಯಲ್ಲಿ ವಾಪಸ್ ಸೇರಿಸಿದ. ಆದ್ದರಿಂದ "ಟೆನಿಸನ್ ಯುದ್ಧವನ್ನು ವೈಭವೀಕರಿಸುತ್ತಾನೆ" ಅನ್ನುವ ಸಿದ್ಧ ವಾಕ್ಯವನ್ನು ದಯವಿಟ್ಟು ಬಿಡಿ. ಅವನು ಸೈನಿಕರನ್ನು ಎತ್ತಿ ಹಿಡಿಯುತ್ತಾನೆ. ಆಜ್ಞೆ ಕೊಟ್ಟವರನ್ನಲ್ಲ.

ಓವೆನ್ ವಿಷಯದಲ್ಲಿ ಮಕ್ಕಳು ತಪ್ಪದೆ ಬರೆಯುವುದು ಅವನ ಸಾವು: 1918ರ ನವೆಂಬರ್ 4, ಯುದ್ಧ ನಿಲ್ಲುವುದಕ್ಕೆ ಬರೀ ಒಂದು ವಾರ ಮೊದಲು, ವಯಸ್ಸು 25. ಮನಸ್ಸು ಕಲಕುವ ಸಂಗತಿ. ಆದರೆ 'ಎಕ್ಸ್‌ಪೋಷರ್' ಉತ್ತರಕ್ಕೆ ಅದಕ್ಕಿಂತ ಉಪಯೋಗ ಆಗುವುದು 1917ರ ಚಳಿಗಾಲವನ್ನು ಅವನು ಫ್ರಾನ್ಸಿನ ಮುಂಚೂಣಿಯಲ್ಲಿ ಸ್ವತಃ ಕಳೆದಿದ್ದ ಅನ್ನುವುದು. ಕವಿತೆಯಲ್ಲಿ ಗುಂಡಿಗಿಂತ ಗಾಳಿಯೇ ಹೆಚ್ಚು ಕೊಲ್ಲುತ್ತದೆ, ಹಿಮದ ಹಳಕುಗಳು ಕಳ್ಳಬೆರಳುಗಳಿಂದ ಮುಖ ತಡವುತ್ತವೆ. ಆ ಚಳಿಯನ್ನು ಅನುಭವಿಸಿದವನ ಮಾತು ಅದು. ಟೆನಿಸನ್ ಬಾಲಾಕ್ಲಾವಾಕ್ಕೆ ಹೋಗಿರಲಿಲ್ಲ, ಪತ್ರಿಕೆಯಲ್ಲಿ ವರದಿ ಓದಿ ಬರೆದ. ಟೆನಿಸನ್ನನ 'ಅವರು', ಓವೆನ್ನನ 'ನಾವು' ಎರಡರ ವ್ಯತ್ಯಾಸವನ್ನು ಒಂದೇ ವಾಕ್ಯದಲ್ಲಿ ಹಿಡಿದರೆ ಸಂದರ್ಭದ ಅಂಕಕ್ಕೆ ದಾರಿ ಆಯಿತು.

ಕನ್ನಡದ ಮಕ್ಕಳಿಗೆ ನಾನು ಹೇಳುವ ಇನ್ನೊಂದು ಸಂಗತಿ ಇದೆ. ಓವೆನ್ ಸಾಯುವುದಕ್ಕೆ ಆರು ವಾರ ಮೊದಲು, 1918ರ ಸೆಪ್ಟೆಂಬರ್ 23ರಂದು, ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧಪುರ ಲ್ಯಾನ್ಸರ್ಸ್ ಕುದುರೆ ಏರಿ ಈಟಿ ಹಿಡಿದು ಈಗಿನ ಇಸ್ರೇಲಿನ ಹೈಫಾ ಪಟ್ಟಣವನ್ನು ಗೆದ್ದರು. ಎದುರಿಗೆ ಮಷಿನ್‌ಗನ್ ಇದ್ದವು. ದಿಲ್ಲಿಯ ತೀನ್ ಮೂರ್ತಿ ಸ್ಮಾರಕದ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನ ಸೈನಿಕನದು. ಇದು ಉತ್ತರದಲ್ಲಿ ಬರೆಯುವ ವಿಷಯ ಅಲ್ಲ, ಅಂಕ ಸಿಗುವುದಿಲ್ಲ. ಆದರೆ ಆ ಯುದ್ಧ ನಮ್ಮ ಊರಿನವರದ್ದೂ ಆಗಿತ್ತು ಅಂತ ಗೊತ್ತಾದ ಮೇಲೆ ಮಕ್ಕಳು ಕವಿತೆಯನ್ನು ಓದುವ ರೀತಿಯೇ ಬೇರೆಯಾಗುತ್ತದೆ. ಹಾಗಾಗುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ಬಾಯಿಪಾಠದ ಬಗ್ಗೆ. 15 ಕವಿತೆಗಳಿಂದ 105 ಜೋಡಿ ಮಾಡಬಹುದು. ಅಷ್ಟೂ ಸಿದ್ಧ ಮಾಡಲು ಹೋಗಬೇಡಿ. ಯಾವ ಕವಿತೆ ಬೇಕಾದರೂ ಅಚ್ಚಾಗಿ ಬರಬಹುದಾದ್ದರಿಂದ 15ನ್ನೂ ಅರ್ಥ ಮಾಡಿಕೊಂಡಿರಬೇಕು. ಆದರೆ ನೆನಪಿನಿಂದ ಬರೆಯಲು ಐದಾರು ಸಾಕು. ಆ ಐದಾರರಲ್ಲಿ ರಣರಂಗದ್ದು ಎರಡು ಇರಲಿ, ಮನೆಗೆ ಬಂದ ಮೇಲಿನ ನೋವಿನದು ಒಂದು, ಅಧಿಕಾರದ ಅಹಂಕಾರದ್ದು ಒಂದು, ಊರು ಗುರುತು ಕಳೆದುಕೊಂಡವರದ್ದು ಒಂದು. ಆಗ ಯಾವ ಪ್ರಶ್ನೆ ಬಂದರೂ ಒಂದಾದರೂ ಹೊಂದುತ್ತದೆ. ಪ್ರತಿ ಕವಿತೆಯಿಂದ ಮೂರು ನಾಲ್ಕು ಪದಗಳ ತುಣುಕುಗಳು ಐದು ಇದ್ದರೆ ಆಯಿತು. ಉದ್ದ ಸಾಲು ಬೇಡ. ಒಂದೇ ತುಣುಕು ಎರಡು ಬೇರೆ ಪ್ರಶ್ನೆಗೆ ಕೆಲಸಕ್ಕೆ ಬರುತ್ತದಾ ಅಂತ ನೋಡಿ ಆರಿಸಿ. 'ಸಮ್‌ವನ್ ಹ್ಯಾಡ್ ಬ್ಲಂಡರ್ಡ್' ಅಧಿಕಾರದ ಪ್ರಶ್ನೆಗೂ ಬರುತ್ತದೆ, ವಿಧೇಯತೆಯ ಪ್ರಶ್ನೆಗೂ ಬರುತ್ತದೆ.

ಮನೆಯವರು ಮಾಡಬಹುದಾದ ಕೆಲಸ: ವಾರಕ್ಕೆ ಎರಡು ಕವಿತೆ ಮಗುವಿನಿಂದ ಗಟ್ಟಿಯಾಗಿ ಓದಿಸಿ, ಮೂರು ಪ್ರಶ್ನೆ ಕನ್ನಡದಲ್ಲಿ ಕೇಳಿ. ಮಾತಾಡುತ್ತಿರುವವರು ಯಾರು, ಎಲ್ಲಿ ನಿಂತಿದ್ದಾರೆ? ಶುರುವಿಗೂ ಕೊನೆಗೂ ಏನು ಬದಲಾಯಿತು? ಹೋದ ವಾರದ ಕವಿತೆಗೂ ಇದನ್ನೇ ಕೇಳಿದರೆ ಏನು ಉತ್ತರ ಬರುತ್ತೆ? ಉತ್ತರ ನಿಮಗೆ ಗೊತ್ತಿರಬೇಕಾಗಿಲ್ಲ. ಮಗು ನಿಮಗೆ ಒಪ್ಪಿಸುವಾಗಲೇ ಅದರ ವಾದ ಗಟ್ಟಿಯಾಗುತ್ತದೆ.

ಪರೀಕ್ಷೆಯ ದಿನ ಈ ಪ್ರಶ್ನೆಗೆ 45 ನಿಮಿಷ ಇಡಿ. ಮೊದಲ ಏಳೆಂಟು ನಿಮಿಷ ಬರೆಯಬೇಡಿ. ಅಚ್ಚಾದ ಕವಿತೆ ಓದಿ, ಜೋಡಿ ಆರಿಸಿ, ಎರಡಕ್ಕೂ ಕೇಳುವ ಮೂರು ಸಣ್ಣ ಪ್ರಶ್ನೆ ಬದಿಯಲ್ಲಿ ಗೀಚಿಕೊಳ್ಳಿ. ಮೂರು ಪ್ರಶ್ನೆ, ಮೂರು ಪ್ಯಾರಾ, ಪ್ರತಿ ಪ್ಯಾರಾದಲ್ಲೂ ಎರಡೂ ಕವಿತೆ. ಆಮೇಲೆ ಬರುವುದು ಹಿಂದೆ ನೋಡಿರದ ಕವಿತೆಗಳ ಭಾಗ: ಒಂದು ಕವಿತೆಗೆ 24 ಅಂಕ, ಅದನ್ನು ಇನ್ನೊಂದರೊಂದಿಗೆ ಹೋಲಿಸುವುದಕ್ಕೆ 8. ಆ 8ಕ್ಕೆ ಕೆಲವರು ಅರ್ಧ ಗಂಟೆ ಸುರಿಯುತ್ತಾರೆ. ಅಲ್ಲಿ ನೋಡುವುದು ಕವಿಗಳು ಬಳಸಿದ ವಿಧಾನಗಳನ್ನು ಮಾತ್ರ, ಸಂದರ್ಭಕ್ಕೆ ಅಂಕವೇ ಇಲ್ಲ. ಒಂದು ಸಾಮ್ಯ, ಒಂದು ವ್ಯತ್ಯಾಸ, ಎರಡಕ್ಕೂ ಒಂದೊಂದು ತುಣುಕು ಆಧಾರ. ಹತ್ತು ಹನ್ನೆರಡು ನಿಮಿಷದಲ್ಲಿ ಮುಗಿಸಿ.